ನೌಕಾವ್ಯೂಹದಲ್ಲಿ ಸಂಕೇತವೂ ಸ್ವಬುದ್ಧಿಯೂ

ಕ್ರಿ. ಶ. 1565ನೆಯ ಜನವರಿಯಲ್ಲಿ ರಕ್ಕಸ-ತಂಗಡಿಯ ರಣರಂಗದಲ್ಲಿ ಅಳಿಯ ರಾಮರಾಯನು ಶತ್ರುಗಳ ಕೈಗೆ ಸಿಕ್ಕಿ ಹತನಾದನು. ಆತನ ಶಿರಸ್ಸನ್ನು ಭಲ್ಲೆಯ ತುದಿಗೇರಿಸಿ ತೋರಿದೊಡನೆಯೇ ವಿಜಯನಗರದ ಮಹಾಸೈನ್ಯವು ದಿಕ್ಕುಗೆಟ್ಟು ಚದರಿಹೋಯಿತೆಂಬುದನ್ನು ಕನ್ನಡಿಗರು ಎಳೆಯಂದಿನಿಂದಲೂ ಓದಿ ಬಲ್ಲರು. ಆ ಸೇನೆಯಲ್ಲಿ ಶೂರರಿಗೆ ಕೊರತೆಯಿರಲಿಲ್ಲ, ಆನೆಕುದುರೆಗಳಿಗೆ ಬಡತನವಿರಲಿಲ್ಲ. ಆ ಕ್ಷಣದಲ್ಲಿ ಇಲ್ಲದೆ ಹೋದುದು, ತಲೆಯಿಲ್ಲದಾಗ ಮೈ ಏನು ಮಾಡತಕ್ಕದ್ದೆಂಬ ಪೂರ್ವನಿಶ್ಚಯ.

ಪರಸ್ಪರ ದೂರದಲ್ಲಿರುವ ಅನೇಕರು ಒಂದೇ ಕಾರ್ಯವನ್ನು ಒಮ್ಮನಸ್ಸಿನಿಂದ ನಡೆಯಿಸಬೇಕಾದಾಗ, ನಾಯಕನ ಮಾತು ತಲಪದೆ ಹೋದರೆ, ತಲಪಿದರೂ ಕೆಟ್ಟು ತಲಪಿದರೆ, ಅಥವಾ ನಾಯಕನೇ ಇಲ್ಲವಾದರೆ ಗತಿಯೇನು? ಇಂದು ಈ ಪ್ರಶ್ನೆಯನ್ನು ಯಂತ್ರಶಾಸ್ತ್ರಜ್ಞರು ಆಕಾಶದಲ್ಲಿ ಗುಂಪುಗೂಡಿ ಹಾರುವ ಚಾಲಕರಹಿತ ವಿಮಾನಗಳ ವಿಷಯದಲ್ಲಿಯೂ, ಒಂದನ್ನೊಂದು ನೆಚ್ಚಿ ಕೆಲಸಮಾಡುವ ಗಣಕಯಂತ್ರಗಳ ವಿಷಯದಲ್ಲಿಯೂ ಕೇಳುತ್ತಿದ್ದಾರೆ. ಅವರ ಕೈಯಲ್ಲಿ ಗಣಿತವುಂಟು. ಆದರೆ ಈ ಪಾಠವನ್ನು ಮನುಷ್ಯರು ಅದಕ್ಕೆ ಎಷ್ಟೋ ಮುಂಚೆ, ಪ್ರಾಣಗಳನ್ನೇ ಶುಲ್ಕವಾಗಿ ತೆತ್ತು, ಸಮುದ್ರದ ಮೇಲೆ ಕಲಿತರು, ಕಲಿತು ಮರೆತರು, ಮರೆತು ಮತ್ತೆ ತೆತ್ತರು. ನೆಲದ ಮೇಲಿನ ಸೇನಾಪತಿಗೆ ಕುದುರೆಯ ಸವಾರನನ್ನಾದರೂ ಓಡಿಸುವ ಅನುಕೂಲವಿತ್ತು. ಹಾಯಿಹಡಗುಗಳ ಕಾಲದ ನೌಕಾಪತಿಗಾದರೋ ಹಾಯಿಕಂಬಕ್ಕೇರಿಸುವ ಕೆಲವು ಬಣ್ಣದ ಬಾವುಟಗಳೇ ನಾಲಗೆ. ಹೊಗೆ ಕವಿದರೆ ಆ ನಾಲಗೆಯೂ ಇಲ್ಲ. ಕಂಬ ಮುರಿದರೆ ಮೊದಲೇ ಇಲ್ಲ. ಆದಕಾರಣ ಈ ಪ್ರಶ್ನೆಯ ನಿಜಸ್ವರೂಪವನ್ನು ಕಾಣಬೇಕೆಂಬವರಿಗೆ ಆಂಗ್ಲೇಯರ ನೌಕಾಚರಿತ್ರೆಯಷ್ಟು ಒಳ್ಳೆಯ ಗ್ರಂಥ ಬೇರೆ ದೊರೆಯುವುದು ಕಷ್ಟ.

ಹದಿನೆಂಟನೆಯ ಶತಮಾನದಲ್ಲಿ ಆಂಗ್ಲ ನೌಕಾಬಲವು ನೆಚ್ಚಿದ್ದುದು ಪಂಕ್ತಿವ್ಯೂಹವನ್ನು. ಹಡಗುಗಳು ಒಂದರ ಹಿಂದೊಂದು ಸಾಲಾಗಿ ಚಲಿಸುತ್ತ ಪಾರ್ಶ್ವದ ತೋಪುಗಳನ್ನು ಹಾರಿಸಬೇಕು. ಸಾಲನ್ನು ಮುರಿದವನು ಅಪರಾಧಿ. 1744ರಲ್ಲಿ ತೂಲೋನ್ ಪಟ್ಟಣದ ಬಳಿ ನಡೆದ ಕದನದಲ್ಲಿ ಅಡ್ಮಿರಲ್ ಮ್ಯಾಥ್ಯೂಸನು ಶತ್ರುವಿನ ಮೇಲೆ ಬೀಳಬೇಕೆಂಬ ಸಂಕೇತವನ್ನು ಏರಿಸಿದನು. ಆದರೆ ಸಾಲಿನಲ್ಲಿರಿ ಎಂಬ ಮೊದಲಿನ ಸಂಕೇತವನ್ನು ಇಳಿಸಲಿಲ್ಲ. ಹಿಂಭಾಗದ ನಾಯಕನಾದ ಲೆಸ್ಟಾಕನು ಸಾಲಿನ ಸಂಕೇತವನ್ನೇ ಹಿಡಿದು ದೂರದಲ್ಲಿ ಉಳಿದನು. ವಿಚಾರಣೆಯಲ್ಲಿ ನಿಯಮಕ್ಕೆ ಕಟ್ಟುಬಿದ್ದು ಸುಮ್ಮನಿದ್ದ ಲೆಸ್ಟಾಕನು ನಿರ್ದೋಷಿಯೆನಿಸಿದನು. ಸಾಲು ಬಿಟ್ಟು ಶತ್ರುವನ್ನು ತಾಗಿದ ಮ್ಯಾಥ್ಯೂಸನು ಪದಚ್ಯುತನಾದನು. ಆ ವಿಚಾರಣೆಯ ಸಭೆಯಲ್ಲಿ ಕುಳಿತಿದ್ದವರಲ್ಲಿ ಬಿಂಗ್ ಎಂಬ ಅಧಿಕಾರಿಯೂ ಒಬ್ಬನು. ಹನ್ನೆರಡು ವರ್ಷಗಳ ತರುವಾಯ ಮಿನಾರ್ಕಾ ದ್ವೀಪದ ಬಳಿ ತನಗೂ ಅಂತಹುದೇ ಸಂದರ್ಭ ಒದಗಿದಾಗ ಮ್ಯಾಥ್ಯೂಸನ ಗತಿಯನ್ನು ನೆನೆದು ಸಾಲನ್ನು ಬಿಡಲೊಲ್ಲದೆ ಹೋದನು. ಅದಕ್ಕಾಗಿ ಆತನನ್ನು 1757ರಲ್ಲಿ ಗುಂಡಿಕ್ಕಿ ಕೊಂದರು. ಸಾಲು ಬಿಟ್ಟವನಿಗೆ ಪದಚ್ಯುತಿ, ಬಿಡದವನಿಗೆ ಮರಣ!

1781ರ ಸೆಪ್ಟೆಂಬರ್ 5ರಂದು ಅಮೆರಿಕದ ಚೆಸಪೀಕ್ ಕೊಲ್ಲಿಯ ಮುಖದಲ್ಲಿ ಅದೇ ತಪ್ಪು ಮತ್ತೆ ನಡೆಯಿತು. ಅಡ್ಮಿರಲ್ ಗ್ರೇವ್ಸನ ಹಡಗಿನ ಮೇಲೆ ಸಾಲಿನ ಸಂಕೇತವೂ ಹತ್ತಿರ ಹೋಗಿ ಕಾದಬೇಕೆಂಬ ಸಂಕೇತವೂ ಒಂದೇ ಕಾಲದಲ್ಲಿ ಹಾರಾಡುತ್ತಿದ್ದುವು. ಹುಡ್ ಎಂಬ ನಾಯಕನ ಹಿಂದಿನ ದಳವು ಸಾಲಿನ ಸಂಕೇತವನ್ನೇ ಪಾಲಿಸಿ ಯುದ್ಧದಿಂದ ಬಹುಮಟ್ಟಿಗೆ ಹೊರಗುಳಿಯಿತು. ಕೊಲ್ಲಿಯು ಫ್ರೆಂಚರ ವಶದಲ್ಲಿಯೇ ನಿಂತುದರಿಂದ, ಒಳಗೆ ಯಾರ್ಕ್‌ಟೌನಿನಲ್ಲಿ ಸಿಕ್ಕಿಬಿದ್ದಿದ್ದ ಕಾರ್ನ್‌ವಾಲಿಸನು ಅಕ್ಟೋಬರ್ 19ರಂದು ತನ್ನ ಸೈನ್ಯವನ್ನೊಪ್ಪಿಸಬೇಕಾಯಿತು. ಹೀಗೆ ಅಮೆರಿಕದಲ್ಲಿ ಶರಣಾದ ಈ ಕಾರ್ನ್‌ವಾಲಿಸನೇ ಹತ್ತು ವರ್ಷ ಕಳೆಯುವುದರೊಳಗೆ ಇಲ್ಲಿಗೆ ಬಂದು ಬೆಂಗಳೂರಿನ ಕೋಟೆಯನ್ನು ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು. ಎರಡು ಬಾವುಟಗಳ ಗೊಂದಲವು ಒಬ್ಬನನ್ನು ಎಲ್ಲಿಂದ ಎಲ್ಲಿಗೆ ತಂದಿತು!

ಬಾವುಟಗಳ ಭಾಷೆಯು ಆಗ ತೀರ ದರಿದ್ರವಾಗಿದ್ದುದು ನಿಜ. ಒಂದು ಬಾವುಟ, ಅದನ್ನು ಏರಿಸಿದ ಸ್ಥಾನ, ಇವುಗಳಿಂದ ಪೂರ್ವಲಿಖಿತವಾದ ಒಂದು ಆಜ್ಞೆ; ಅದಕ್ಕಿಂತ ಹೆಚ್ಚಿನದನ್ನು ಹೇಳುವಂತಿರಲಿಲ್ಲ. ಕೆಂಪನ್‌ಫೆಲ್ಟ್, ಹೌ ಮೊದಲಾದವರು ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಸುಧಾರಿಸಿದರು. ಬಾವುಟಗಳಿಗೆ ಅಂಕೆಗಳನ್ನಿಟ್ಟು, ಅಂಕೆಗಳ ಸಂಯೋಗಕ್ಕೆ ಆಜ್ಞೆಗಳನ್ನಿಟ್ಟರು. ಹೋಮ್ ಪೋಫಮ್ ಎಂಬವನು 1800ರಲ್ಲಿ ಆಜ್ಞೆಗಳಿಗೆ ಮಾತ್ರವಲ್ಲದೆ ಬಿಡಿ ಶಬ್ದಗಳಿಗೂ ಸಂಖ್ಯೆಗಳನ್ನು ಕೊಟ್ಟು ಒಂದು ಕೋಶವನ್ನೇ ಮಾಡಿದನು. ಕೋಶದಲ್ಲಿರುವ ಶಬ್ದಕ್ಕೆ ಒಂದು ಬಾವುಟಗುಚ್ಛ ಸಾಕು. ಇಲ್ಲದ ಶಬ್ದವನ್ನು ಅಕ್ಷರಶಃ ಬಿಡಿಸಬೇಕು. ಈ ಮಿತಿಯು ಎಷ್ಟು ದೂರ ಹೋಯಿತೆಂಬುದಕ್ಕೆ ಟ್ರಫಾಲ್ಗರಿನ ಜಗತ್ಪ್ರಸಿದ್ಧ ಸಂಕೇತವೇ ಸಾಕ್ಷಿ. ಪ್ರತಿಯೊಬ್ಬನೂ ತನ್ನ ಕರ್ತವ್ಯವನ್ನು ಮಾಡುವನೆಂದು ಇಂಗ್ಲೆಂಡು ನಂಬಿದೆ ಎಂದು ಹೇಳಬೇಕೆಂಬುದು ನೆಲ್ಸನ್ನನ ಇಚ್ಛೆ. ಆತನು ಬಯಸಿದ ಕ್ರಿಯಾಪದವು ಕೋಶದಲ್ಲಿರಲಿಲ್ಲ. ಸಂಕೇತಾಧಿಕಾರಿಯಾದ ಪ್ಯಾಸ್ಕೊ ಎಂಬವನು ‘ನಂಬಿದೆ’ ಎಂಬುದಕ್ಕೆ ಬದಲಾಗಿ ‘ನಿರೀಕ್ಷಿಸುತ್ತದೆ’ ಎಂದರೆ ಒಂದೇ ಗುಚ್ಛದಲ್ಲಿ ಮುಗಿಯುವುದೆಂದನು, ನೆಲ್ಸನ್ನನು ಒಪ್ಪಿದನು. ‘ಕರ್ತವ್ಯ’ವೆಂಬುದಕ್ಕೂ ಕೋಶದಲ್ಲಿ ಸ್ಥಾನವಿಲ್ಲದೆ ಅದರ ನಾಲ್ಕು ಆಂಗ್ಲಾಕ್ಷರಗಳನ್ನು ಒಂದೊಂದಾಗಿ ಏರಿಸಬೇಕಾಯಿತು. ಲೋಕವು ಕಂಠಪಾಠ ಮಾಡಿದ ವಾಕ್ಯದ ಕ್ರಿಯಾಪದವನ್ನು ಆರಿಸಿದುದು ಕವಿಪ್ರತಿಭೆಯಲ್ಲ, ಬಾವುಟಗಳ ಮಿತವ್ಯಯ.

ಆದರೆ ಅಂದು ಜಯ ತಂದುಕೊಟ್ಟುದು ಆ ಸಂಕೇತವಲ್ಲ. ಅದು ಏರುತ್ತಿದ್ದಾಗ ಎರಡನೆಯ ನಾಯಕನಾದ ಕಾಲಿಂಗ್‌ವುಡ್ಡನು, ಮಾಡಬೇಕಾದುದು ಎಲ್ಲರಿಗೂ ಗೊತ್ತಿರುವಾಗ ನೆಲ್ಸನ್ನನು ಇನ್ನೂ ಸಂಕೇತ ಕೊಡುವುದೇತಕ್ಕೆ ಎಂದು ಗೊಣಗಿದನೆಂದು ಹೇಳುತ್ತಾರೆ. ಈ ಗೊಣಗಾಟದಲ್ಲಿಯೇ ಆ ದಿನದ ರಹಸ್ಯವಡಗಿದೆ. ನೆಲ್ಸನ್ನನು ಕದನಕ್ಕೆ ಮೂರು ವಾರ ಮೊದಲು ಸೇನೆಯನ್ನು ಕೂಡಿಕೊಂಡೊಡನೆಯೇ ಕಪ್ತಾನರನ್ನು ತನ್ನ ಹಡಗಿಗೆ ಊಟಕ್ಕೆ ಕರೆದು ತನ್ನ ಉಪಾಯವನ್ನು ಬಾಯಾರೆ ವಿವರಿಸಿದನು. ಅಕ್ಟೋಬರ್ 9ರಂದು ಅದನ್ನು ಬರೆಯಿಸಿಯೂ ಕಳುಹಿದನು. ಶತ್ರುವಿನ ಸಾಲನ್ನು ಭೇದಿಸಿ ಒಳಹೊಗುವುದು. ನಾಯಕನ ಅಭಿಪ್ರಾಯ ತಿಳಿದ ಮೇಲೆ ಎರಡನೆಯವನಿಗೆ ತನ್ನ ಸಾಲನ್ನು ನಡೆಯಿಸುವ ಸಂಪೂರ್ಣ ಸ್ವಾತಂತ್ರ್ಯ. ಸಂಕೇತಗಳು ಕಾಣದೆ ಹೋಗಬಹುದು, ಅಥವಾ ಅರ್ಥವಾಗದೆ ಹೋಗಬಹುದು ಎಂಬುದನ್ನು ಆ ಪತ್ರವು ಮೊದಲೇ ಗಣನೆಗೆ ತಂದುಕೊಂಡಿದ್ದಿತು. ಅಂತಹ ವೇಳೆಯಲ್ಲಿ ತನ್ನ ಹಡಗನ್ನು ಶತ್ರುವಿನ ಹಡಗಿನ ಪಕ್ಕಕ್ಕೆ ಒಯ್ದು ನಿಲ್ಲಿಸಿದ ಕಪ್ತಾನನು ಹೆಚ್ಚು ತಪ್ಪಿದವನಾಗನೆಂಬುದು ಅದರ ತಾತ್ಪರ್ಯ. ಮಾತು ಕಡಿದುಹೋದಾಗ ಪ್ರತಿಯೊಬ್ಬನೂ ಹಿಡಿಯಬೇಕಾದ ದಾರಿ ಮಾತು ಕಡಿಯುವುದಕ್ಕೆ ಮೊದಲೇ ನಿಶ್ಚಿತವಾಗಿದ್ದಿತು. ಹಾಗೆಂದು ಮಾತನ್ನೇ ಉಪೇಕ್ಷಿಸಿದನೆಂದಲ್ಲ. ಮುಖ್ಯ ಸೇನೆಯು ಕಾಡಿಜ್ ಬಂದರಿನಿಂದ ಸುಮಾರು 50 ಮೈಲಿ ದೂರದಲ್ಲಿದ್ದರೂ, ನಡುವೆ ಹಡಗುಗಳ ಸರಪಳಿಯನ್ನು ನಿಲ್ಲಿಸಿ, ಶತ್ರುವು ಹೊರಟ ಸುದ್ದಿಯು ಬಾವುಟದಿಂದ ಬಾವುಟಕ್ಕೆ ದಾಟಿ ತನ್ನನ್ನು ತಲಪುವಂತೆ ಏರ್ಪಡಿಸಿದ್ದನು.

1805ರ ಅಕ್ಟೋಬರ್ 21ರಂದು ಆಂಗ್ಲರ 27 ಹಡಗುಗಳು ಫ್ರೆಂಚ್ ಮತ್ತು ಸ್ಪೇನ್ ದೇಶಗಳ 33 ಹಡಗುಗಳನ್ನು ಎದುರಿಸಿದುವು. ಮಧ್ಯಾಹ್ನ ಒಂದೂಕಾಲು ಗಂಟೆಯ ವೇಳೆಗೆ ನೆಲ್ಸನ್ನನಿಗೆ ಗುಂಡು ತಗಲಿತು. ನಾಲ್ಕೂವರೆಯ ಹೊತ್ತಿಗೆ ಪ್ರಾಣ ಹೋಯಿತು. ರಕ್ಕಸ-ತಂಗಡಿಯಲ್ಲಿ ಆದುದು ಇಲ್ಲಿ ಆಗಲಿಲ್ಲ. ಹಡಗುಗಳಲ್ಲಿ ಹಲವಕ್ಕೆ ನಾಯಕನು ಬಿದ್ದ ಸುದ್ದಿಯೇ ತಿಳಿಯದು. ತಿಳಿಯಬೇಕಾದ ಅವಶ್ಯಕತೆಯೂ ಇರಲಿಲ್ಲ. ಸಂಜೆಗೆ ಶತ್ರುಪಕ್ಷದ 17 ಹಡಗುಗಳು ಸೆರೆಯಾಗಿ ಒಂದು ಸುಟ್ಟುಹೋಗಿದ್ದಿತು. ಆಂಗ್ಲರದು ಒಂದೂ ನಷ್ಟವಾಗಲಿಲ್ಲ. ವಿಚಿತ್ರವೆಂದರೆ ಫ್ರೆಂಚ್ ನೌಕಾಪತಿ ವಿಲ್‌ನವ್‌ನು ನೆಲ್ಸನ್ನನ ಉಪಾಯವನ್ನು ಹೆಚ್ಚುಕಡಮೆ ಸರಿಯಾಗಿಯೇ ಊಹಿಸಿ ತನ್ನ ಕಪ್ತಾನರಿಗೆ ತಿಳಿಸಿದ್ದನು. ಊಹೆಯಿತ್ತು, ಒಟ್ಟಾಗಿ ಪಳಗಿದ ಸೇನೆಯಿರಲಿಲ್ಲ.

ಆ ಬಳಿಕ ಬಹುಕಾಲ ದೊಡ್ಡ ನೌಕಾಯುದ್ಧವೇ ಇಲ್ಲ. ಹಾಯಿ ಹೋಗಿ ಉಗಿ ಬಂದಿತು. ಗಾಳಿಯ ಹಂಗು ತಪ್ಪಿದುದರಿಂದ ಹಡಗುಗಳನ್ನು ಚದುರಂಗದ ಕಾಯಿಗಳಂತೆ ಗೆರೆ ಹಿಡಿದು ನಡೆಯಿಸಬಹುದೆಂಬ ಭ್ರಮೆ ಹುಟ್ಟಿತು. ಸಂಕೇತಗ್ರಂಥಗಳು ದಪ್ಪವಾದುವು. ಎಂತಹ ಸಣ್ಣ ತಿರುವಿಗೂ ನಾಯಕನೌಕೆಯಲ್ಲಿ ಬಾವುಟ ಏರಬೇಕು, ಎಲ್ಲರೂ ಉತ್ತರ ಬಾವುಟ ಏರಿಸಬೇಕು, ಅದು ಇಳಿದಾಗ ಎಲ್ಲರೂ ಒಟ್ಟಿಗೆ ತಿರುಗಬೇಕು. ಶಾಂತಿಕಾಲದಲ್ಲಿ ನೋಡುವುದಕ್ಕೆ ಅದು ಬಹು ರಮಣೀಯ. ಇದು ಯುದ್ಧದ ಮೊದಲ ಹೊಗೆಯಲ್ಲಿಯೇ ಕುಸಿದುಬೀಳುವುದೆಂದು ಕಂಡುಕೊಂಡವನು ಸರ್ ಜಾರ್ಜ್ ಟ್ರಯಾನ್ ಎಂಬ ಅಡ್ಮಿರಲ್. 1891ರಲ್ಲಿ ಮೆಡಿಟರೇನಿಯನ್ ಸಮುದ್ರದ ಸೇನೆಯ ಅಧಿಪತ್ಯಕ್ಕೆ ಬಂದ ಆತನು ‘ಟಿ ಎ’ ಎಂಬ ಎರಡು ಬಾವುಟಗಳ ಹೊಸ ಪದ್ಧತಿಯನ್ನು ತಂದನು. ಅವು ಏರಿದರೆ ಅರ್ಥವಿಷ್ಟೆ: ಇನ್ನು ಮೇಲೆ ಸಂಕೇತಗಳಿಗೆ ಕಾಯಬೇಡಿ, ನಾಯಕನ ಚಲನೆಯನ್ನು ನೋಡಿ ಅದಕ್ಕೆ ತಕ್ಕಂತೆ ನಡೆಯಿರಿ. ಕಪ್ತಾನರು ಕೈಗೊಂಬೆಗಳಾಗದೆ ವಿಚಾರವಂತರಾಗಬೇಕೆಂಬುದು ಆತನ ಹಂಬಲ.

ಇಂತಹವನ ಕೈಯಿಂದಲೇ ಆ ವಿಪತ್ತು ನಡೆಯಬೇಕೆ? 1893ರ ಜೂನ್ 22ರಂದು ಆತನ ಸೇನೆಯು ಬೈರೂತಿನಿಂದ ಹೊರಟು, ಈಗಿನ ಲೆಬನಾನಿನಲ್ಲಿರುವ ಟ್ರಿಪೊಲಿಯ ಕಡೆಗೆ ಎರಡು ಸಾಲುಗಳಲ್ಲಿ ಸಾಗುತ್ತಿದ್ದಿತು. ಒಂದರ ಮುಂದೆ ಟ್ರಯಾನನ ‘ವಿಕ್ಟೋರಿಯಾ’. ಇನ್ನೊಂದರ ಮುಂದೆ ಉಪನಾಯಕ ಮಾರ್ಕಮನ ‘ಕ್ಯಾಂಪರ್‌ಡೌನ್’. ಅಂದು ‘ಟಿ ಎ’ ಪದ್ಧತಿ ಜಾರಿಯಲ್ಲಿರಲಿಲ್ಲ. ಎಲ್ಲವೂ ಹಳೆಯ ಕ್ರಮದಂತೆ ಸಂಕೇತಗಳಿಂದಲೇ. ಎರಡು ಸಾಲುಗಳ ನಡುವಿನ ಅಂತರವು ಆರು ಕೇಬಲು, ಎಂದರೆ 1200 ಗಜ. ಎರಡು ಸಾಲುಗಳೂ ಒಳಮುಖವಾಗಿ ಪೂರ್ತಿ ಹಿಂದಿರುಗಬೇಕೆಂದು ಟ್ರಯಾನನು ನಿಶ್ಚಯಿಸಿದನು. ಈ ಹಡಗುಗಳು ವಾಡಿಕೆಯಂತೆ ಚುಕ್ಕಾಣಿ ತಿರುಗಿಸಿದರೆ ಸುತ್ತುವ ವೃತ್ತದ ವ್ಯಾಸವು ಸುಮಾರು 800 ಗಜ. ಎದುರುಬದುರಾಗಿ ಎರಡು ಅರ್ಧವೃತ್ತಗಳು ಒಂದನ್ನೊಂದು ಮುಟ್ಟುವುದಕ್ಕೇ 1600 ಗಜ ಬೇಕು. ಮುಟ್ಟದಿರಬೇಕಾದರೆ ಇನ್ನೂ ಹೆಚ್ಚು. ಪಾಠಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕವಿದು. ಟ್ರಯಾನನು ವ್ಯಾಸಕ್ಕೂ ತ್ರಿಜ್ಯಕ್ಕೂ ಭ್ರಮೆಗೊಂಡನೆಂದು ಕೆಲವರ ಊಹೆ. ಎಂಟು ಕೇಬಲಾದರೂ ಬೇಕೆಂದು ಒಬ್ಬ ಅಧಿಕಾರಿ ಸೂಚಿಸಿದನು. ಟ್ರಯಾನನು ಹೂಂಗುಟ್ಟಿ, ಬಳಿಕ ಆರನ್ನೇ ನಿಲ್ಲಿಸಿದನು.

ಸಂಕೇತವೇರಿತು. ಮಾರ್ಕಮನಿಗೆ ಇದು ಅಸಂಭವವೆನಿಸಿತು. ಉತ್ತರ ಬಾವುಟವನ್ನು ಪೂರ್ತಿ ಏರಿಸದೆ ಅರ್ಧಕ್ಕೆ ನಿಲ್ಲಿಸಿದನು. ಅರ್ಥವಾಗಲಿಲ್ಲವೆಂಬುದಕ್ಕೆ ಅದೇ ಗುರುತು. ತನ್ನ ಸಂದೇಹವನ್ನು ಸೆಮಫೋರಿನ ಕೈಸನ್ನೆಯಿಂದ ತಿಳಿಸಬೇಕೆಂದೂ ಹೇಳಿದನು. ಅಷ್ಟರಲ್ಲಿ, ಯಾವುದಕ್ಕಾಗಿ ಕಾಯುತ್ತಿರುವೆ ಎಂದು ಇಡೀ ಸೇನೆಯ ಕಣ್ಣೆದುರಿಗೆ ಟ್ರಯಾನನ ಸನ್ನೆ ಬಂದಿತು. ಮಾರ್ಕಮನಿಗೆ ಮುಖಭಂಗವಾದಂತಾಯಿತು. ಪ್ರಭುವು ಬಹುಶಃ ತನ್ನ ಸಾಲಿನ ಹೊರಗಿನಿಂದ ಬಳಸಿಕೊಂಡು ಬರುವನೆಂದು ಸಮಾಧಾನ ತಂದುಕೊಂಡು ಬಾವುಟವನ್ನು ಪೂರ್ತಿ ಏರಿಸಿಬಿಟ್ಟನು. ಎರಡು ಮಹಾನೌಕೆಗಳೂ ಒಂದರ ಕಡೆಗೊಂದು ತಿರುಗಿದುವು. ‘ವಿಕ್ಟೋರಿಯಾ’ದ ಕಪ್ತಾನನು ಯಂತ್ರಗಳನ್ನು ಹಿಮ್ಮುಖವಾಗಿ ನಡೆಯಿಸಲು ಮತ್ತೆ ಮತ್ತೆ ಅಪ್ಪಣೆ ಕೇಳಿದನು, ಅಪ್ಪಣೆ ಬಂದಾಗ ಕಾಲ ಮೀರಿದ್ದಿತು. ‘ಕ್ಯಾಂಪರ್‌ಡೌನ್’ ಹಡಗಿನ ಕೊಡಲಿಯಂತಹ ಮೂತಿಯು ನಾಯಕನೌಕೆಯ ಪಕ್ಕೆಯನ್ನು ಸೀಳಿತು. ಕಾಲುಗಂಟೆಯೊಳಗಾಗಿ ‘ವಿಕ್ಟೋರಿಯಾ’ ಮುಳುಗಿತು. ಟ್ರಯಾನನೂ ಸೇರಿ 358 ಮಂದಿ ಮಡಿದರು. ತಪ್ಪೆಲ್ಲವೂ ತನ್ನದೆಂದು ಆತನು ಕಡೆಯ ಗಳಿಗೆಯಲ್ಲಿ ನುಡಿದುದನ್ನು ಬದುಕಿದವರು ಕೇಳಿದ್ದರು. ಆ ಹಡಗು 2004ರಲ್ಲಿ ಸಮುದ್ರತಳದಲ್ಲಿ ಪತ್ತೆಯಾಯಿತು. ಮೂತಿ ಕೆಸರಿನಲ್ಲಿ ಹೂತು, ಬಾಲ ಮೇಲಾಗಿ, ನೆಟ್ಟ ಕಂಬದಂತೆ ನಿಂತಿದೆ.

ವಿಚಾರಣೆಯ ಸಭೆಯು ಮಾಲ್ಟಾದಲ್ಲಿ ಸೇರಿತು. ಮಾರ್ಕಮನು ತನ್ನ ಸಂದೇಹವನ್ನು ತಿಳಿಸದೆ ಹೋದುದಕ್ಕೆ ಅದು ವಿಷಾದಿಸಿತು. ಆದರೆ ಎದುರಿಗೇ ಇರುವ ಸೇನಾಧಿಪತಿಯ ಆಜ್ಞೆಯನ್ನು ಪಾಲಿಸಿದವನನ್ನು ದಂಡಿಸುವುದು ನೌಕಾಸೇವೆಗೇ ಘಾತಕವೆಂದು ಭಾವಿಸಿತು. ತೂಲೋನಿನ ತೀರ್ಪಿನ ಧ್ವನಿಯೇ ಇದು. ಇನ್ನೂ ಶೋಚನೀಯವಾದುದೇನೆಂದರೆ, ಟ್ರಯಾನನೊಡನೆ ಆತನ ‘ಟಿ ಎ’ ಪದ್ಧತಿಯೂ ಮುಳುಗಿತು. ದುರಂತವನ್ನು ತಂದುದು ಪ್ರಶ್ನಿಸದ ವಿಧೇಯತೆ. ಅಪವಾದವನ್ನು ಹೊತ್ತುದು ಸ್ವಬುದ್ಧಿಯ ಪದ್ಧತಿ. ಕಪ್ತಾನರು ಮತ್ತೆ ಬಾವುಟಗಳ ಕಡೆಗೆ ಕಣ್ಣು ನೆಟ್ಟರು.

ಅದರ ಫಲವು ಮೊದಲನೆಯ ಮಹಾಯುದ್ಧದಲ್ಲಿ ಕಂಡುಬಂದಿತು. 1915ರ ಜನವರಿ 24ರಂದು ಡಾಗರ್ ಬ್ಯಾಂಕ್ ಎಂಬಲ್ಲಿ ಅಡ್ಮಿರಲ್ ಬೀಟಿಯು ಜರ್ಮನರ ಹಡಗುಗಳನ್ನು ಬೆನ್ನಟ್ಟುತ್ತಿದ್ದಾಗ ಆತನ ‘ಲಯನ್’ ನೌಕೆಯು ಪೆಟ್ಟುತಿಂದು ಹಿಂದುಳಿಯಿತು. ವಿದ್ಯುತ್ತು ಹೋಯಿತು, ನಿಸ್ತಂತು ಹೋಯಿತು, ದೀಪಸಂಕೇತಗಳೂ ಹೋದುವು. ಬಾವುಟವೇರಿಸಲು ಎರಡೇ ಹಗ್ಗಗಳು ಉಳಿದುವು. ಶತ್ರುವನ್ನು ಇನ್ನೂ ಹತ್ತಿರದಿಂದ ಹೊಡೆಯಿರೆಂಬ ನೆಲ್ಸನ್ನನ ಹಳೆಯ ಸಂಕೇತವನ್ನು ಬೀಟಿಯು ಕೇಳಿದನು. ಸಂಕೇತಗ್ರಂಥದಿಂದ ಅದನ್ನು ತೆಗೆದುಹಾಕಿದ್ದರು! ಹತ್ತಿರದ ಅರ್ಥವುಳ್ಳದ್ದೆಂದು ಶತ್ರುವಿನ ಹಿಂಭಾಗವನ್ನು ಹೊಡೆಯಿರೆಂಬುದನ್ನು ಏರಿಸಿದರು. ಈಶಾನ್ಯಕ್ಕೆ ತಿರುಗಿರೆಂಬ ಮೊದಲಿನ ಸಂಕೇತವು ಇನ್ನೂ ಇಳಿದಿರಲಿಲ್ಲ. ಎರಡೂ ಒಟ್ಟಿಗೆ ಇಳಿದುದರಿಂದ ಉಳಿದವರು ಎರಡನ್ನೂ ಸೇರಿಸಿ, ಈಶಾನ್ಯದಲ್ಲಿರುವ ಹಿಂದಿನ ಶತ್ರುವನ್ನು ಹೊಡೆಯಿರೆಂದು ಓದಿದರು. ಅಲ್ಲಿ ಇದ್ದುದು ಆಗಲೇ ಕುಂಟುತ್ತಿದ್ದ ‘ಬ್ಲೂಷರ್’. ಎಲ್ಲರೂ ಅದರ ಮೇಲೆ ಬಿದ್ದು ಮುಳುಗಿಸುವಷ್ಟರಲ್ಲಿ ಮಿಕ್ಕ ಮೂರು ದೊಡ್ಡ ಯುದ್ಧನೌಕೆಗಳು ಕೈಬಿಟ್ಟುಹೋದುವು. ಧರ್ಮರಾಯನ ಮಾತಿನ ಉತ್ತರಾರ್ಧವು ಗದ್ದಲದಲ್ಲಿ ಕೇಳಿಸದೆ ದ್ರೋಣಾಚಾರ್ಯನು ಶಸ್ತ್ರವನ್ನಿಟ್ಟ ಕಥೆಯಲ್ಲಿ ಒಂದು ಮಾತು ಎರಡಾಗಿ ಒಡೆಯಿತು. ಇಲ್ಲಿ ಎರಡು ಮಾತುಗಳು ಒಂದಾಗಿ ಬೆಸೆದುವು. ಕೆಟ್ಟ ಸಂದೇಶವು ಬಾರದ ಸಂದೇಶಕ್ಕಿಂತ ಕ್ರೂರ.

ಮರುವರ್ಷ ಮೇ 31ರಂದು ಜಟ್ಲೆಂಡಿನ ಸಮುದ್ರದಲ್ಲಿ ಉಭಯ ಪಕ್ಷಗಳ ಸುಮಾರು 250 ಹಡಗುಗಳು ಸೇರಿದುವು. ಆಂಗ್ಲರ ಸೇನಾಧಿಪತಿ ಜೆಲಿಕೋ. ‘ವಿಕ್ಟೋರಿಯಾ’ ಮುಳುಗಿದ ದಿನ ಅದೇ ಹಡಗಿನಲ್ಲಿ ಜ್ವರದಿಂದ ಮಲಗಿದ್ದು ಬದುಕಿ ಉಳಿದವನು ಈತನೇ. ಅಂದು ಮಧ್ಯಾಹ್ನ ಬೀಟಿಯ ತಿರುವಿನ ಸಂಕೇತವು ಹೊಗೆಯಲ್ಲಿ ಕಾಣದೆ ನಾಲ್ಕು ಮಹಾನೌಕೆಗಳ ದಳವೊಂದು ಬೇರೆ ದಿಕ್ಕಿನಲ್ಲಿಯೇ ಸಾಗಿ ಮೈಲಿಗಟ್ಟಲೆ ಹಿಂದೆ ಬಿದ್ದಿತು. ರಾತ್ರಿಯಲ್ಲಿ ಜರ್ಮನ್ ಸೇನೆಯು ಆಂಗ್ಲರ ಹಿಂಭಾಗವನ್ನು ಹಾಯ್ದು ತವರಿನ ಕಡೆಗೆ ಜಾರಿಕೊಂಡಿತು. ಹಾಯುವುದನ್ನು ಕಂಡ ಆಂಗ್ಲ ಹಡಗುಗಳು ಒಂದೆರಡಲ್ಲ. ‘ಮಲಾಯಾ’ ಎಂಬ ನೌಕೆಯ ತೋಪಿನ ಅಧಿಕಾರಿಯು ಹೊಡೆಯಲು ಅಪ್ಪಣೆ ಬೇಡಿದನು. ಮುಂದಿರುವ ನಾಯಕನೌಕೆಗೂ ಇದು ಕಂಡಿರಲೇಬೇಕೆಂದು ಕಪ್ತಾನನು ಒಪ್ಪಲಿಲ್ಲ. ಜೆಲಿಕೋವಿಗೆ ಯಾರೂ ವರದಿ ಕಳುಹಲಿಲ್ಲ. ಬೆಳಗಾದಾಗ ಸಮುದ್ರ ಬರಿದಾಗಿದ್ದಿತು. ಆಂಗ್ಲರಲ್ಲಿ 6,000ಕ್ಕೂ, ಜರ್ಮನರಲ್ಲಿ 2,500ಕ್ಕೂ ಮೇಲ್ಪಟ್ಟು ಜನ ಸತ್ತಿದ್ದರು.

ಈ ಪ್ರಶ್ನೆಯನ್ನು ಗಣಿತದ ಒರೆಗಲ್ಲಿಗೆ ಹಚ್ಚಿದುದು ಗಣಕಯಂತ್ರಗಳ ಕಾಲದಲ್ಲಿ. ಎರಡು ಬೆಟ್ಟಗಳ ಮೇಲಿರುವ ಇಬ್ಬರು ಸೇನಾಪತಿಗಳು, ನಡುವಣ ಕಣಿವೆಯಲ್ಲಿ ಸೆರೆಸಿಕ್ಕಬಹುದಾದ ದೂತರ ಮೂಲಕ, ಒಂದೇ ವೇಳೆಗೆ ದಾಳಿಮಾಡುವುದನ್ನು ನಿಸ್ಸಂದೇಹವಾಗಿ ಗೊತ್ತುಮಾಡಿಕೊಳ್ಳಲಾರರೆಂಬ ಮಾತು 1975ರಲ್ಲಿ ಪ್ರಕಟವಾಯಿತು. ಕಳುಹಿದವನಿಗೆ ಉತ್ತರ ಬೇಕು, ಉತ್ತರಿಸಿದವನಿಗೆ ಅದರ ಉತ್ತರ ಬೇಕು. ಈ ಅನವಸ್ಥೆಗೆ ಕೊನೆಯಿಲ್ಲ. 1982ರಲ್ಲಿ ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ ಎಂಬ ಮೂವರು ‘ಬೈಜಾಂಟಿಯಮ್ಮಿನ ಸೇನಾಪತಿಗಳು’ ಎಂಬ ದೃಷ್ಟಾಂತವನ್ನು ಪ್ರಸಿದ್ಧಿಪಡಿಸಿದರು. ಸೇನಾಪತಿಗಳಲ್ಲಿ ಕೆಲವರು ದ್ರೋಹಿಗಳಾಗಿ ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳಿದರೂ ಪ್ರಾಮಾಣಿಕರು ಒಮ್ಮತಕ್ಕೆ ಬರಬಲ್ಲರೆ? ಬರಿಯ ಬಾಯಿಮಾತಿನಿಂದಾದರೆ ಪ್ರಾಮಾಣಿಕರು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಾಗಿರಬೇಕು. ಒಬ್ಬ ದ್ರೋಹಿಯನ್ನು ತಾಳಿಕೊಳ್ಳಲು ಒಟ್ಟು ನಾಲ್ವರಾದರೂ ಬೇಕು. ಮಾತಿಗೆ ಅಳಿಸಲಾಗದ ಮುದ್ರೆಯಿದ್ದರೆ ಈ ನಿರ್ಬಂಧ ಸಡಿಲವಾಗುವುದು. ವಿಮಾನಗಳನ್ನು ನಡೆಯಿಸುವ ಗಣಕಗಳಲ್ಲಿ ಒಂದು ಕೆಟ್ಟರೂ ವಿಮಾನವು ಬೀಳಬಾರದೆಂಬ ಉದ್ಯಮದಿಂದ ಹುಟ್ಟಿದ ವಿಚಾರವಿದು.

ಈಚಿನ ವಿಧಾನಗಳಲ್ಲಿ ನಾಯಕನೇ ಇರಬೇಕಾಗಿಲ್ಲ. ಪ್ರತಿಯೊಂದು ಯಂತ್ರವೂ ತನ್ನ ನೆರೆಯವುಗಳನ್ನು ಮಾತ್ರ ಕೇಳಿ, ಅವುಗಳ ಮಾತಿನ ಸರಾಸರಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯುವುದು. ಕೆಟ್ಟುಹೋದ ನೆರೆಯವರಿರಬಹುದೆಂಬ ಶಂಕೆಯಿದ್ದಲ್ಲಿ, ಬಂದ ಸಂಖ್ಯೆಗಳಲ್ಲಿ ತನಗಿಂತ ಅತಿ ಹೆಚ್ಚಿನ ಕೆಲವನ್ನೂ ಅತಿ ಕಡಮೆಯ ಕೆಲವನ್ನೂ ತಳ್ಳಿಹಾಕಿ ಉಳಿದವನ್ನು ನಂಬುವುದು. ಮಾತನಾಡುವ ಅವಕಾಶವೇ ಅಲ್ಪವಾಗಿದ್ದರೆ, ಹೇಳತಕ್ಕಷ್ಟು ವ್ಯತ್ಯಾಸವಾದಾಗ ಮಾತ್ರ ಬಾಯಿತೆರೆಯುವುದು. ಕಾಲಿಂಗ್‌ವುಡ್ಡನ ಗೊಣಗಾಟವೇ ಇಲ್ಲಿ ಸೂತ್ರವಾದಂತಿದೆ. ಟ್ರಯಾನನನ್ನು ಮಾತ್ರ ಮೇಲಿನ ಮುದ್ರೆಯೂ ತಡೆಯುತ್ತಿರಲಿಲ್ಲ. ಆತನು ದ್ರೋಹಿಯಲ್ಲ, ಆತನ ಸಂದೇಶವು ಕೆಟ್ಟುದಲ್ಲ. ಆಜ್ಞೆ ಸಾಚಾ, ಲೆಕ್ಕ ತಪ್ಪು. 1987ರಲ್ಲಿ ರೆನಾಲ್ಡ್ಸ್ ಎಂಬವನು ಗಣಕದ ಚಿತ್ರಪಟದಲ್ಲಿ ಹಕ್ಕಿಗಳ ಹಿಂಡನ್ನು ಹಾರಿಸುವುದಕ್ಕಾಗಿ ಪ್ರತಿಯೊಂದು ಹಕ್ಕಿಗೂ ಮೂರೇ ನಿಯಮಗಳನ್ನಿಟ್ಟು, ಅವುಗಳಿಗೆ ಮೇಲುಕೀಳಿನ ಕ್ರಮವನ್ನೂ ಹೇಳಿದನು. ಹಿಂಡಿನ ನಡುವಿಗೆ ಸರಿಯುವುದು ಮೂರನೆಯದು, ನೆರೆಯವರ ಗತಿಯನ್ನು ಅನುಸರಿಸುವುದು ಎರಡನೆಯದು. ಅವೆರಡಕ್ಕೂ ಮೇಲಾದ ಮೊದಲನೆಯದು, ನೆರೆಯವರಿಗೆ ಡಿಕ್ಕಿ ಹೊಡೆಯದಿರುವುದು.